ಅಮೇರಿಕೆಯ ಮಹಿಳಾ ಸಭೆಗಳಲ್ಲಿ ಪಂಡಿತಾ ರಮಾಬಾಯಿ

ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲುದಾರಿಯಲ್ಲಿ ದೌಂಡವನ್ನು ದಾಟಿದ ಬಳಿಕ ಕೇಡಗಾಂವ ಎಂಬ ನಿಲ್ದಾಣವು ಸಿಗುತ್ತದೆ. ಅಲ್ಲಿ ಪಂಡಿತಾ ರಮಾಬಾಯಿಯವರು ಕಟ್ಟಿ ಬೆಳೆಸಿದ 'ಮುಕ್ತಿ' ಎಂಬ ಸಂಸ್ಥೆಯಿದೆ. ನಮ್ಮ ಭಾಗದ ಕನ್ನಡ ಕುಟುಂಬಗಳವರು ನೌಕರಿಯ ನಿಮಿತ್ತವಾಗಿಯೋ ಮದುವೆ-ಮುಂಜಿವೆಗಳ ನಿಮಿತ್ತವಾಗಿಯೋ ಆ ದಾರಿಯಲ್ಲಿ ಎಷ್ಟೋ ಸಲ ಹಾದುಹೋಗುತ್ತಾರೆ. ಆದರೆ ಆ ಸಂಸ್ಥೆಯನ್ನು ಕಟ್ಟಿದ ತಾಯಿಯು ಕಾರ್ಕಳದ ಸೀಮೆಯ ಸಹ್ಯಾದ್ರಿಯ ಕಾಡಿನಲ್ಲಿ ಹುಟ್ಟಿದವರೆಂಬುದನ್ನಾಗಲಿ, ಆಕೆಯ ಕಾರ್ಯಕ್ಕೆ ಬೇಕಾದ ಮೊದಲ ಹಣವು ಸಾವಿರಾರು ಹರದಾರಿ ದೂರದ ಅಮೇರಿಕೆಯಲ್ಲಿ, ಚರ್ಚುಗಳ ಹೆಣ್ಣುಮಕ್ಕಳು ಕೂಡಿದ ಸಭೆಗಳಲ್ಲಿ ಒಂದೊಂದು ಡಾಲರಿನಂತೆ ಒದಗಿತೆಂಬುದನ್ನಾಗಲಿ ಬಲ್ಲವರು ವಿರಳ. ಆ ಸಭೆಗಳ ವೃತ್ತಾಂತವನ್ನು ವಾಚಕರ ಮುಂದಿಡಬಯಸುತ್ತೇವೆ. ಅತಿಥಿಯೊಬ್ಬರು ಬಂದು ಮನಮುಟ್ಟುವಂತೆ ಮಾತನಾಡಿ ಹೋದ ಮೇಲೆ, ಕೇಳಿದವರು ಏನು ಮಾಡಿದರೆಂಬುದೇ ನಮಗಿಲ್ಲಿ ಮುಖ್ಯವಾದ ಪ್ರಶ್ನೆ.

ರಮಾಬಾಯಿಯವರು ಜನಿಸಿದ್ದು 1858ನೆಯ ಇಸವಿಯ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಮಾಳ ಗ್ರಾಮದ ಕಡೆಯವರು. ಹೆಂಡತಿಗೆ ಸಂಸ್ಕೃತ ಕಲಿಸಿದ ಕಾರಣಕ್ಕೆ ಸ್ವಜನರ ವಿರೋಧವನ್ನು ಕಟ್ಟಿಕೊಂಡು, ಅವರು ಗಂಗಾಮೂಲದ ಅರಣ್ಯದಲ್ಲಿ ನೆಲೆಸಿದ್ದರು. ಮಗಳಿಗೆ ಆರು ತಿಂಗಳಾಗುವಷ್ಟರಲ್ಲಿ ಆ ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಬೆಟ್ಟದಿಂದ ಕೆಳಗಿಳಿಸಿದರಂತೆ. ಗಡಿಯಲ್ಲಿ ವಾಸಿಸುವ ನಮಗೆ ದೊಡ್ಡವರನ್ನೆಲ್ಲ 'ನಮ್ಮವರು' ಎಂದು ಎಳೆದುಕೊಳ್ಳುವ ಚಪಲವು ತುಸು ಹೆಚ್ಚು. ರಮಾಬಾಯಿಯವರ ಮನೆಮಾತು ಮರಾಠಿ; ಅವರು ಗ್ರಂಥಗಳನ್ನು ಬರೆದದ್ದು ಮರಾಠಿ, ಇಂಗ್ಲಿಷುಗಳಲ್ಲಿ. ಕನ್ನಡವನ್ನು ಅವರು ಕಲಿತದ್ದು ಯಾತ್ರೆಯ ದಾರಿಯಲ್ಲಿ. ಅಷ್ಟು ಮಾತ್ರ ನಮ್ಮ ಹಕ್ಕು. ಅದನ್ನು ಸಣ್ಣದೆಂದು ನಾವು ಬಗೆಯುವುದಿಲ್ಲ.

ಆ ಯಾತ್ರೆಯಲ್ಲಿ ಸಂಸಾರದ ಜೀವನೋಪಾಯವು ಪುರಾಣ ಹೇಳುವುದಾಗಿತ್ತು. ದೇವಾಲಯದ ಮಂಟಪದಲ್ಲೋ ನದಿಯ ದಡದಲ್ಲೋ ಮರದ ನೆರಳಿನಲ್ಲೋ ಕುಳಿತು, ಓಲೆ-ಪುಸ್ತಕಗಳನ್ನು ಮುಂದಿಟ್ಟುಕೊಂಡು, ರಾಗವಾಗಿ ಗಟ್ಟಿಯಾಗಿ ಓದುವುದು. ಬಂದವರು ದೇವರಿಗೊಮ್ಮೆ ಪುರಾಣಿಕರಿಗೊಮ್ಮೆ ನಮಸ್ಕರಿಸಿ ಹೂವು, ಹಣ್ಣು, ಕಾಳು, ಕಾಸುಗಳನ್ನು ಮುಂದಿಟ್ಟು ಹೋಗುವುದು. ತಾಯಿ ಲಕ್ಷ್ಮೀಬಾಯಿಯವರಿಂದ ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದ್ದ ಮಗಳೂ ಹೀಗೆ ಓದತೊಡಗಿದಳು. ಗುರುತಿಲ್ಲದ ಜನರ ಎದುರಿಗೆ ಅಂಜದೆ ಕುಳಿತು, ದನಿಯೆತ್ತಿ, ಅವರ ಮನಸ್ಸನ್ನು ಹಿಡಿದು ನಿಲ್ಲಿಸುವ ವಿದ್ಯೆಯು ಆಕೆಗೆ ಲಭಿಸಿದ್ದು ಇಲ್ಲಿಯೇ. ಮುಂದೆ ಅಮೇರಿಕೆಯ ಜನರು ಬೆರಗಾಗಿ ಕೇಳಿದ್ದು ಬರಿಯ ಇಂಗ್ಲಿಷ್ ಕಲಿತವಳ ಭಾಷಣವನ್ನಲ್ಲ, ಪುರಾಣಿಕರ ಮಗಳ ವಾಣಿಯನ್ನು ಎಂದು ನಮ್ಮ ಅಭಿಪ್ರಾಯ.

ಬರಗಾಲವು ತಂದೆ, ತಾಯಿ, ಅಕ್ಕ ಮೂವರನ್ನೂ ತೆಗೆದುಕೊಂಡಿತು. ಉಳಿದ ಅಣ್ಣ-ತಂಗಿಯರು ಕಾಲ್ನಡಿಗೆಯಿಂದ ದೇಶವನ್ನೆಲ್ಲ ಸುತ್ತಿ 1878ರಲ್ಲಿ ಕಲಕತ್ತೆಯನ್ನು ತಲುಪಿದರು. ಅಲ್ಲಿಯ ವಿದ್ವಾಂಸರು ರಮಾಬಾಯಿಯವರಿಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನಿತ್ತು ಗೌರವಿಸಿದರು. ಕ್ರೈಸ್ತರ ಕೂಟವೊಂದನ್ನು ಅವರು ಮೊದಲ ಸಲ ಕಂಡದ್ದೂ ಆ ಊರಲ್ಲಿಯೇ. ಕುರ್ಚಿಗಳ ಮೇಲೆ ಕುಳಿತಿದ್ದ ಜನರು ಚಹಾ-ತಿಂಡಿಯ ತರುವಾಯ ಎದ್ದು, ಆ ಕುರ್ಚಿಗಳ ಕಡೆಗೇ ಮುಖ ಮಾಡಿ ಮೊಣಕಾಲೂರಿ, ಕಣ್ಣು ಮುಚ್ಚಿ ಏನನ್ನೋ ಹೇಳತೊಡಗಿದಾಗ, ಇವರು ಕುರ್ಚಿಗಳನ್ನೇ ಪೂಜಿಸುತ್ತಿದ್ದಾರೆಂದು ಅಣ್ಣ-ತಂಗಿಯರಿಬ್ಬರೂ ತಿಳಿದರಂತೆ! ಹತ್ತು ವರ್ಷಗಳೊಳಗಾಗಿ ಅಂಥವೇ ಕೂಟಗಳಿಗೆ ತಾವು ಮುಖ್ಯ ಅತಿಥಿಯಾಗುವೆವೆಂದು ಆಗ ಅವರಿಗೆ ಕನಸಿನಲ್ಲಿಯೂ ಹೊಳೆದಿರಲಾರದು.

ನಡುವಿನ ಸಂಗತಿಗಳನ್ನು ಬೇಗನೆ ಹೇಳಿಬಿಡುತ್ತೇವೆ. ಅಣ್ಣನು ತೀರಿಕೊಂಡನು. 1880ರಲ್ಲಿ ಬಿಪಿನ್ ಬಿಹಾರಿ ದಾಸ್ ಎಂಬ ಬಂಗಾಲಿ ವಕೀಲರೊಡನೆ ವಿವಾಹ, 1881ರಲ್ಲಿ ಮಗಳು ಮನೋರಮೆಯ ಜನನ, 1882ರಲ್ಲಿ ವೈಧವ್ಯ. ಅದೇ ವರ್ಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 1883ರಲ್ಲಿ ಇಂಗ್ಲೆಂಡಿಗೆ ತೆರಳಿ ಅಲ್ಲಿ ಕ್ರೈಸ್ತದೀಕ್ಷೆಯನ್ನು ಪಡೆದರು.

ಅಮೇರಿಕೆಗೆ ಅವರು ಹೋದದ್ದು ಭಾಷಣಕ್ಕಾಗಿ ಅಲ್ಲ. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಆನಂದೀಬಾಯಿ ಜೋಶಿಯವರು 1886ರ ಮಾರ್ಚ್ 11ರಂದು ಪದವಿ ಸ್ವೀಕರಿಸುವವರಿದ್ದರು. ಆ ಸಮಾರಂಭವನ್ನು ನೋಡಲು, ಕಾಲೇಜಿನ ಮುಖ್ಯಸ್ಥೆ ರೇಚಲ್ ಬಾಡ್ಲಿಯವರ ಆಹ್ವಾನದ ಮೇರೆಗೆ, ರಮಾಬಾಯಿಯವರು ಮಗಳನ್ನು ಕರೆದುಕೊಂಡು ಸಮುದ್ರ ದಾಟಿದರು. ಕೆಲವು ದಿನಗಳ ಮಟ್ಟಿಗೆಂದು ಹೋದವರು ಅಲ್ಲಿ ನಿಂತದ್ದು ಎರಡೂವರೆ ವರ್ಷಕ್ಕೂ ಮಿಕ್ಕಿ. ಫ್ರೋಬೆಲ್ಲನ ಶಿಶುವಿಹಾರ ಪದ್ಧತಿಯನ್ನು ಅಭ್ಯಸಿಸಿದರು. 1887ರಲ್ಲಿ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿ ತಾಯಿಯ ಸ್ಮೃತಿಗೆ ಅರ್ಪಿಸಿದರು. ಊರೂರು ಸುತ್ತಿ ಮಾತನಾಡಿದರು.

ಬಿಳಿಯ ಸೀರೆಯನ್ನುಟ್ಟು, ತಮ್ಮ ಶಾಕಾಹಾರವನ್ನು ಬಿಡದೆ ಇದ್ದ ಆ ವಿಧವೆಯು ಸಭೆಗಳಲ್ಲಿ ಹೇಳಿದ ಸಂಗತಿಯು ಸ್ಪಷ್ಟವಾಗಿತ್ತು. ಭಾರತದ ಮೇಲ್ಜಾತಿಗಳ ಬಾಲವಿಧವೆಯರಿಗೆ ಒಂದು ವಸತಿಶಾಲೆ ಬೇಕು. ಅಲ್ಲಿ ಅವರು ಓದುಬರಹವನ್ನೂ ಕೈಗೆಲಸವನ್ನೂ ಕಲಿತು, ಶಿಕ್ಷಕಿಯರಾಗಿಯೋ ದಾದಿಯರಾಗಿಯೋ ಸ್ವಂತ ಕಾಲ ಮೇಲೆ ನಿಲ್ಲಬೇಕು. ಅವರ ಆಚಾರ-ಧರ್ಮಗಳಿಗೆ ಕೈ ಹಚ್ಚಬಾರದು. ಈ ಕೊನೆಯ ಮಾತನ್ನು ಚರ್ಚಿನ ಸಭೆಗಳಲ್ಲಿ ಆಡುವುದು ಸುಲಭವಾಗಿರಲಿಲ್ಲ. ತಾನು ಕ್ರೈಸ್ತಳಾಗಿದ್ದೂ ಕ್ರೈಸ್ತಮತವನ್ನು ಬೋಧಿಸದ ಶಾಲೆಗೆ ಹಣ ಕೇಳುವುದು ಮಿಶನರಿ ವರ್ಗದ ಕೆಲವರಿಗೆ ರುಚಿಸಲಿಲ್ಲ.

ಆದರೂ ಹಣ ಬಂತು. ಬಂದ ರೀತಿಯನ್ನು ಗಮನಿಸಬೇಕು. 1887ರ ಡಿಸೆಂಬರ್ 13ರಂದು ಬೋಸ್ಟನ್ ನಗರದಲ್ಲಿ 'ರಮಾಬಾಯಿ ಅಸೋಸಿಯೇಶನ್' ಎಂಬ ಸಂಸ್ಥೆ ಹುಟ್ಟಿತು. ಎಡ್ವರ್ಡ್ ಎವರೆಟ್ ಹೇಲ್ ಅವರು ಅದರ ಅಧ್ಯಕ್ಷರು. ಉಪಾಧ್ಯಕ್ಷರಲ್ಲಿ ಫಿಲಿಪ್ಸ್ ಬ್ರೂಕ್ಸ್ ಎಂಬ ಪ್ರಖ್ಯಾತ ಪಾದ್ರಿಗಳೂ ಪಾನನಿರೋಧ ಸಂಘದ ಧುರೀಣೆ ಫ್ರಾನ್ಸೆಸ್ ವಿಲ್ಲಾರ್ಡರೂ ಇದ್ದರು. ಪಂಥಗಳು ಬೇರೆ ಬೇರೆಯಾದರೂ ಕಾರ್ಯವು ಒಂದು. ಅದರ ಕೆಳಗೆ ಊರೂರುಗಳಲ್ಲಿ 'ರಮಾಬಾಯಿ ಮಂಡಲ'ಗಳು ಏರ್ಪಟ್ಟವು. ಸದಸ್ಯೆಯಾದವಳು ವರ್ಷಕ್ಕೆ ಒಂದು ಡಾಲರಿನಂತೆ ಹತ್ತು ವರ್ಷಗಳವರೆಗೆ ಕೊಡುವೆನೆಂದು ಮಾತು ಕೊಡಬೇಕು. ಭಾಷಣವನ್ನು ಕೇಳಿದ ಬಿಸಿಯಲ್ಲಿ ಕೈಯ ಬಳೆಯನ್ನು ಬಿಚ್ಚಿಕೊಡುವವರು ಎಲ್ಲ ದೇಶಗಳಲ್ಲಿಯೂ ಸಿಗುತ್ತಾರೆ. ಬಿಸಿ ಆರಿದ ಮೇಲೆ, ಅತಿಥಿಯ ಮುಖವೂ ಮರೆತುಹೋದ ಮೇಲೆ, ಏಳನೆಯ ವರ್ಷದಲ್ಲಿಯೂ ಎಂಟನೆಯ ವರ್ಷದಲ್ಲಿಯೂ ಮನೆಯ ಖರ್ಚಿನಲ್ಲಿ ಉಳಿಸಿದ ಆ ಒಂದು ಡಾಲರನ್ನು ತಪ್ಪದೆ ಮುಟ್ಟಿಸುವುದು ಬೇರೆಯ ಮಾತು. ಪುರಾಣಿಕರ ಮುಂದೆ ಬೀಳುತ್ತಿದ್ದ ಕಾಸಿಗೆ ನಾಳೆಯ ಭರವಸೆಯಿರಲಿಲ್ಲ. ಈ ಡಾಲರಿಗೆ ಪಟ್ಟಿಯಿತ್ತು, ಲೆಕ್ಕವಿತ್ತು, ವಾರ್ಷಿಕ ವರದಿಯಿತ್ತು.

ಇವೆಲ್ಲಕ್ಕೂ ಕಳಶವಿಟ್ಟಂತೆ 1888ರ ಮಾರ್ಚ್ 25ರಿಂದ ಏಪ್ರಿಲ್ 1ರವರೆಗೆ ವಾಶಿಂಗ್ಟನ್ನಿನಲ್ಲಿ ಅಂತರರಾಷ್ಟ್ರೀಯ ಮಹಿಳಾ ಪರಿಷತ್ತು ಕೂಡಿತು. 53 ಸ್ತ್ರೀಸಂಘಗಳ ಪ್ರತಿನಿಧಿಗಳು ನೆರೆದಿದ್ದರು. ಮೊದಲ ದಿನ ಆದಿತ್ಯವಾರ. ಅಂದಿನ ಪ್ರಾರ್ಥನಾಸಭೆಯನ್ನು ನಡೆಸಿದವರು ಸ್ತ್ರೀಯರೇ, ಉಪದೇಶವನ್ನು ಮಾಡಿದವರು ಆನಾ ಹಾವರ್ಡ್ ಶಾ. ಆ ಪರಿಷತ್ತಿನಲ್ಲಿ ರಮಾಬಾಯಿಯವರು ಭಾರತದ ಸ್ತ್ರೀಯರ ವಿಷಯವಾಗಿ ಮಾತನಾಡಿದರು. ಅವರು ಮಾತನಾಡಿದ್ದಷ್ಟೇ ಅಲ್ಲ, ಕಣ್ಣು ತೆರೆದು ನೋಡಿದರು ಕೂಡ. ಅಮೇರಿಕೆಯ ಜನಜೀವನವನ್ನು ಕುರಿತು ಅವರು ಮರಾಠಿಯಲ್ಲಿ ಬರೆದ ಪ್ರವಾಸವೃತ್ತವು 1889ರಲ್ಲಿ ಪ್ರಕಟವಾಯಿತು. ಅದರಲ್ಲಿ ಸ್ತ್ರೀಯರ ಸಂಘಸಂಸ್ಥೆಗಳ ವಿವರವು ಸವಿಸ್ತಾರವಾಗಿದೆ. ಕರಿಯ ಜನರಿಗೂ ಅಲ್ಲಿಯ ಮೂಲನಿವಾಸಿಗಳಿಗೂ ಆ ದೇಶವು ಮಾಡಿದ ಅನ್ಯಾಯವನ್ನೂ ಅವರು ಮರೆಮಾಚಿಲ್ಲ. ಆದರಾತಿಥ್ಯಕ್ಕೆ ಮರುಳಾಗಿ ಬರೆದ ಪುಸ್ತಕವಲ್ಲ ಅದು.

1889ರ ಮಾರ್ಚ್ 11ರಂದು, ಎಂದರೆ ಆನಂದೀಬಾಯಿಯವರ ಪದವಿದಾನಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಆನಂದೀಬಾಯಿಯವರು ಅಷ್ಟರಲ್ಲಿ ತೀರಿಹೋಗಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನದ ಜೊತೆಗೆ ಸಾಮಾಜಿಕ ಪರಿಷತ್ತು ಸೇರಿದಾಗ, ವಿಧವೆಯರ ಕೇಶವಪನದ ವಿರುದ್ಧ ರಮಾಬಾಯಿಯವರು ಮಾತನಾಡಿದರು. ದನಿಯು ಕೇಳಿಸದೆಂದು ಗಂಡಸರ ಸಭೆ ಗದ್ದಲ ಮಾಡಲು, ಹೆಂಗಸಿನ ದನಿ ಗಟ್ಟಿಯಾಗುವುದಕ್ಕೆ ನೀವು ಅವಕಾಶವನ್ನೆಲ್ಲಿ ಕೊಟ್ಟಿದ್ದೀರಿ ಎಂಬರ್ಥದ ಮಾತನ್ನಾಡಿ ಅವರನ್ನು ಸುಮ್ಮನಾಗಿಸಿದರೆಂದು ಹೇಳುತ್ತಾರೆ.

ಸದನವು 1890ರಲ್ಲಿ ಪುಣೆಗೆ ಬಂತು. ಬೆನ್ನಿಗೇ ಕಸಿವಿಸಿಯೂ ಬಂತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚಲಿಲ್ಲ. ಕೆಲವು ಹುಡುಗಿಯರು ತಾವಾಗಿ ಹೋಗಿ ಕೂಡತೊಡಗಿದರು. 'ಕೇಸರಿ' ಪತ್ರಿಕೆಯು ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳು ಸಲಹಾ ಮಂಡಲವನ್ನು ತ್ಯಜಿಸಿದರು. ಪಾಲಕರು ಮಕ್ಕಳನ್ನು ಕರೆದೊಯ್ದರು. ತನ್ನ ದೇವರನ್ನು ಬಚ್ಚಿಟ್ಟು ಪ್ರಾರ್ಥಿಸಲಾರೆನೆಂದ ಆಕೆಯನ್ನು ನಾವು ತಪ್ಪೆನ್ನಲಾರೆವು. ಕೊಟ್ಟ ವಚನಕ್ಕೆ ಭಂಗ ಬಂತೆಂದು ನೊಂದ ಪಾಲಕರನ್ನೂ ತಪ್ಪೆನ್ನಲಾರೆವು. ಬೋಸ್ಟನ್ನಿನ ವೇದಿಕೆಯ ಮೇಲೆ ಕೊಟ್ಟ ಮಾತನ್ನು ಪುಣೆಯ ಒಂದೇ ಸೂರಿನ ಕೆಳಗೆ ನಡೆಸುವುದು ಕಠಿಣವಾಗಿತ್ತು. ಬೋಸ್ಟನ್ನಿನ ಜ್ಯುಡಿತ್ ಆಂಡ್ರೂಸರು ಸ್ವತಃ ಪುಣೆಗೆ ಬಂದು ಎಲ್ಲವನ್ನೂ ನೋಡಿ ಹೋದರು. ಮಂಡಲಗಳ ಹಣವು ಹತ್ತು ವರ್ಷಗಳ ಅವಧಿ ಮುಗಿಯುವವರೆಗೂ ಬಂತು.

ಆ ಅವಧಿ ತೀರಿದ 1898ರಲ್ಲಿಯೇ ಕೇಡಗಾಂವದ ಮುಕ್ತಿಯು ನೆಲೆಗೊಂಡಿತು. ಅದು ಮರೆಯಿಲ್ಲದ ಕ್ರೈಸ್ತಸಂಸ್ಥೆ. ಕ್ಷಾಮದಲ್ಲಿ ದಿಕ್ಕುಗೆಟ್ಟು ಬಂದವರಿಂದ ತುಂಬಿ 1900ರ ಹೊತ್ತಿಗೆ ಅಲ್ಲಿ ಎರಡು ಸಾವಿರದ ಸಮೀಪ ಜನರಿದ್ದರು. 1912ರಲ್ಲಿ ಆಗಿನ ನಿಜಾಮ ಸೀಮೆಯ ಕಲಬುರ್ಗಿಯಲ್ಲಿ ರಮಾಬಾಯಿಯವರು ಒಂದು ಹೈಸ್ಕೂಲನ್ನು ತೆರೆದರು. ಫಿಲಡೆಲ್ಫಿಯಾಕ್ಕೆ ತಾಯಿಯೊಡನೆ ಹೋಗಿದ್ದ ಮಗು ಮನೋರಮೆಯೇ ಅದರ ಮುಖ್ಯಾಧ್ಯಾಪಿಕೆ. ಮಗಳು 1921ರಲ್ಲಿಯೂ ತಾಯಿ 1922ರ ಏಪ್ರಿಲ್ 5ರಂದೂ ತೀರಿಕೊಂಡರು.

ಅಮೇರಿಕೆಯ ಆ ಡಾಲರುಗಳಿಂದ ಓದಿದ ಮೊದಲ ವಿಧವೆಯ ಹೆಸರು ಗೋದೂಬಾಯಿ. 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದ ಆಕೆ ಆನಂದೀಬಾಯಿ ಕರ್ವೆ ಎಂದು ಹೆಸರಾದರು. ಪತಿಯು ಕಟ್ಟಿದ ವಿಧವಾಶ್ರಮಕ್ಕಾಗಿ ಪಟ್ಟಿ ಹಿಡಿದು ಮನೆಮನೆ ತಿರುಗಿ ಹಣ ಕೂಡಿಸಿದರು. ಮುಪ್ಪಿನಲ್ಲಿ ಆಕೆ ಮರಾಠಿಯಲ್ಲಿ ಬರೆದ ಆತ್ಮಕಥೆಯು 1944ರಲ್ಲಿ ಪ್ರಕಟವಾಯಿತು. ಅದಕ್ಕೆ ಆಕೆ ಇಟ್ಟ ಹೆಸರು 'ಮಾಝೆ ಪುರಾಣ', ಎಂದರೆ ನನ್ನ ಪುರಾಣ.