ಪದಕ ಅಂಕಕ್ಕೆ, ಪ್ರಬಂಧಕ್ಕೇನು?

ಅಳ್ನಾವರದ ಹುಡುಗಿಯೊಬ್ಬಳು ಎಂಬಿಎ ಓದೋಕೆ ಧಾರವಾಡಕ್ಕೆ ಹೋಗ್ತಾಳೆ ಅಂದ್ಕೊಳ್ಳಿ. ಭತ್ತ ಬೆಳೆದವರಿಗೆ ಸಿಗೋ ದರಕ್ಕೂ ಅಂಗಡಿಯ ಅಕ್ಕಿ ದರಕ್ಕೂ ಇರುವ ಅಂತರ ಯಾರ ಜೇಬು ಸೇರುತ್ತೆ? ಇದೇ ಅವಳ ಪ್ರಾಜೆಕ್ಟ್ ವಿಷಯ. ವರದಿ ಚೆನ್ನಾಗಿದ್ದರೆ ಅವಳಿಗೆ ಸಿಗೋದೇನು?

ಪ್ರಶಸ್ತಿ ಎಂದರೆ: ಯುರೋಪಿನ ಹಲವು ಬಿಸಿನೆಸ್ ಸ್ಕೂಲ್‌ಗಳು ಪ್ರತಿವರ್ಷ ಅತ್ಯುತ್ತಮ ಸ್ನಾತಕೋತ್ತರ ಪ್ರಬಂಧಗಳಿಗೆ ಬಹುಮಾನ ಕೊಡುತ್ತವೆ. ಮಾರ್ಗದರ್ಶಕರು ಶಿಫಾರಸು ಮಾಡ್ತಾರೆ. ತೀರ್ಪುಗಾರರು ಪ್ರಶ್ನೆಯ ಹೊಸತನ, ಅಧ್ಯಯನ ವಿಧಾನ, ಉಪಯೋಗ ನೋಡ್ತಾರೆ.

ನಮ್ಮಲ್ಲಿ: 1949ರಲ್ಲಿ ಮುಂಬೈಯಲ್ಲಿ ಶುರುವಾಗಿ 1950ರಲ್ಲಿ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಬಿಎ ಕಲಿಸುವುದು ಕೌಸಾಳಿ ಇನ್‌ಸ್ಟಿಟ್ಯೂಟ್. ನಮ್ಮ ವಿಶ್ವವಿದ್ಯಾಲಯಗಳ ಘಟಿಕೋತ್ಸವದಲ್ಲಿ ಮಿಂಚೋದು ದತ್ತಿ ಚಿನ್ನದ ಪದಕಗಳು. ದಾನಿಗಳು ಇಟ್ಟ ಠೇವಣಿಯ ಬಡ್ಡಿಯಲ್ಲಿ ನಡೆಯುವ ಇವು ಸಾಮಾನ್ಯವಾಗಿ ಒಟ್ಟು ಅಂಕ ನೋಡುತ್ತವೆ, ಒಂದು ಬರಹವನ್ನಲ್ಲ.

ವರದಿ ಎಲ್ಲಿ ಹೋಗುತ್ತೆ: ಪಿಎಚ್‌ಡಿ ಪ್ರಬಂಧವನ್ನು ಯುಜಿಸಿ ನಿಯಮದಂತೆ 'ಶೋಧಗಂಗಾ' ಜಾಲತಾಣಕ್ಕೆ ಸೇರಿಸಬೇಕು, ಯಾರು ಬೇಕಾದ್ರೂ ಓದಬಹುದು. ಎಂಬಿಎ ವರದಿಗೆ ಆ ಕಡ್ಡಾಯವಿಲ್ಲ. ವೈವಾ ಮುಗೀತು, ಬೀರು ಸೇರಿತು. ಓದುವವರೇ ಇಲ್ಲದ ಕಡೆ ಕಾಪಿ-ಪೇಸ್ಟ್‌ಗೆ ಹೆದರಿಕೆಯೂ ಇಲ್ಲ.

ಆಗಬೇಕಾದ್ದು: ಒಂದು ದತ್ತಿ ಪದಕ ಪ್ರಬಂಧಕ್ಕೂ ಇರಲಿ. ಗೆದ್ದ ವರದಿ ಸಾರ್ವಜನಿಕವಾಗಲಿ, ಕನ್ನಡದಲ್ಲಿ ಸಾರಾಂಶವಿರಲಿ. ಆಗ ಭತ್ತದ ಲೆಕ್ಕ ಹೇಳಿದ ರೈತನೂ ಅದನ್ನು ಓದಿ, 'ಇದು ತಪ್ಪು' ಅಂತ ಹೇಳಬಹುದು. ಅದಕ್ಕಿಂತ ದೊಡ್ಡ ವೈವಾ ಯಾವುದಿದೆ?