ನಗರ (ಬಿದನೂರು)

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಒಂದು ಗ್ರಾಮ, ಹೋಬಳಿ ಕೇಂದ್ರ. ಹೊಸನಗರ ಪಟ್ಟಣದ ನೈಋತ್ಯಕ್ಕೆ ಸುಮಾರು 16 ಕಿ.ಮೀ. ದೂರದಲ್ಲಿ, ಕುಂದಾಪುರದ ಕಡೆಗೆ ಘಟ್ಟ ಇಳಿಯುವ ಹಾದಿಯಲ್ಲಿದೆ. ಗ್ರಾಮ ಪಂಚಾಯಿತಿಯ ಹೆಸರು ಮೂಡುಗೊಪ್ಪ. ಜನರ ಬಾಯಲ್ಲಿ ಊರು ನಗರವೇ. 17ನೆಯ ಶತಮಾನದ ನಡುಭಾಗದಿಂದ 1763ರ ವರೆಗೆ ಕೆಳದಿ ಅರಸರ ರಾಜಧಾನಿಯಾಗಿತ್ತು.

ಹೆಸರು
ಊರಿನ ಹಳೆಯ ಹೆಸರು ಬಿದರೂರು ಅಥವಾ ಬಿದನೂರು. ಬಿದಿರಿನಿಂದ ಬಂದ ಹೆಸರೆಂಬುದು ಸಾಮಾನ್ಯ ಒಪ್ಪಿಗೆ. ಸಂಸ್ಕೃತದಲ್ಲಿ ವೇಣುಪುರ ಎಂದು ಕರೆದಿರುವುದೂ ಇದಕ್ಕೆ ಹೊಂದುತ್ತದೆ. 1763ರಲ್ಲಿ ಹೈದರ್ ಅಲಿ ಊರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಕಾಲಕ್ರಮದಲ್ಲಿ ಮೊದಲ ಭಾಗ ಬಿದ್ದುಹೋಗಿ ‘ನಗರ’ ಮಾತ್ರ ಉಳಿಯಿತು. ಹೆಸರು ಹೀಗೆ ಗಟ್ಟಿಯಾದದ್ದು ಊರು ಕ್ಷೀಣಿಸುತ್ತಿದ್ದ ಕಾಲದಲ್ಲಿ.

ನೆಲ, ನೀರು
ಸುತ್ತ ಕಾಡುಗುಡ್ಡಗಳು, ನಡುವೆ ಕಣಿವೆ. ಪಶ್ಚಿಮಕ್ಕೆ 1,343 ಮೀ. ಎತ್ತರದ ಕೊಡಚಾದ್ರಿ. ಘಟ್ಟದ ಅಂಚಿನ ಹುಲಿಕಲ್ಲು ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಶರಾವತಿಯ ಮೂಲವಾದ ಅಂಬುತೀರ್ಥ ನೆರೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಈ ಸೀಮೆಯಲ್ಲಿ ಹುಟ್ಟುವ ಚಕ್ರಾ, ವಾರಾಹಿ ನದಿಗಳು ಪಶ್ಚಿಮಕ್ಕೆ ಹರಿಯುತ್ತವೆ.

ರಾಜಧಾನಿ
ಕೆಳದಿ ಅರಸರ ಮೊದಲ ಎರಡು ರಾಜಧಾನಿಗಳಾದ ಕೆಳದಿ ಮತ್ತು ಇಕ್ಕೇರಿ ಈಗಿನ ಸಾಗರ ತಾಲ್ಲೂಕಿನಲ್ಲಿವೆ. ವೀರಭದ್ರನಾಯಕನ ಕಾಲದಲ್ಲಿ, ಬಿಜಾಪುರದ ಸೇನೆ ಇಕ್ಕೇರಿಗೆ ನುಗ್ಗಿದ ಬಳಿಕ, 1640ರ ಆಸುಪಾಸಿನಲ್ಲಿ ರಾಜಧಾನಿ ಬಿದನೂರಿಗೆ ಬಂತು. ರಕ್ಷಣೆಯೊಂದೇ ಇದರ ಕಾರಣವಾಗಿರಲಾರದು. ಮಲೆನಾಡಿನ ಅಕ್ಕಿ, ಮೆಣಸು ಹೊಸಂಗಡಿ ಘಟ್ಟ ಇಳಿದು ಕರಾವಳಿಯ ಬಂದರುಗಳನ್ನು ಸೇರುವ ದಾರಿ ಇಲ್ಲಿಂದ ಹತ್ತಿರ. ಕೆಳದಿ ಬೊಕ್ಕಸದ ಬಲ ಆ ದಾರಿಯಲ್ಲಿತ್ತು.

ಶಿವಪ್ಪನಾಯಕನ (1645–1660) ಕಾಲದಲ್ಲಿ ಊರು ಬೆಳೆಯಿತು. ಚೆನ್ನಮ್ಮಾಜಿ (1671–1696) ಛತ್ರಪತಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದಳು. ಊರಿನ ವೈಭವಕಾಲದ ಜನಸಂಖ್ಯೆ, ಹೈದರನಿಗೆ ದೊರೆತ ಸಂಪತ್ತು ಇವುಗಳ ಬಗ್ಗೆ ಇತಿಹಾಸ ಗ್ರಂಥಗಳಲ್ಲಿ ಕಾಣುವ ಭಾರೀ ಅಂಕಿಗಳನ್ನು ಎಚ್ಚರದಿಂದಲೇ ಬಳಸಬೇಕು.

ಶಿಸ್ತು
ಬಿದನೂರಿನಿಂದ ಹೊರಟ ಆಡಳಿತದಲ್ಲಿ ಹೆಚ್ಚು ಕಾಲ ಬಾಳಿದ್ದು ‘ಶಿವಪ್ಪನಾಯಕನ ಶಿಸ್ತು’ ಎಂಬ ಕಂದಾಯ ವ್ಯವಸ್ಥೆ. ಅದರಲ್ಲಿ ಗದ್ದೆಯನ್ನು ಮಣ್ಣಿನ ಗುಣ ನೋಡಿ ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗತಿ ಮಾಡಲಾಗಿತ್ತು. ಬಿ. ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿರುವಂತೆ, ಊರೂರಿನಲ್ಲಿ ತರಗತಿಗೊಂದು ಗದ್ದೆ ಆರಿಸಿ ಹನ್ನೆರಡು ವರ್ಷ ಅರಮನೆಯ ಖರ್ಚಿನಲ್ಲೇ ಸಾಗುವಳಿ ಮಾಡಿಸಲಾಯಿತು. ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲು, ಅದರ ಬೆಲೆ ಎಲ್ಲವನ್ನೂ ಬರೆದಿಟ್ಟು ಸರಾಸರಿ ತೆಗೆದು, ಹುಟ್ಟುವಳಿಯಲ್ಲಿ ಮೂರನೆಯ ಒಂದು ಪಾಲು ಅರಮನೆಗೆ, ಎರಡು ಪಾಲು ರೈತನಿಗೆ ಎಂದು ಗೊತ್ತುಮಾಡಲಾಯಿತು.

ಅಡಿಕೆ ತೋಟದ ಲೆಕ್ಕ ಬೇರೆ. ಅಲ್ಲಿ ಮಣ್ಣಿನ ಬದಲು ಮರಗಳ ನಡುವಿನ ಜಾಗವನ್ನು ಅಳೆಯುತ್ತಿದ್ದರು. ನಾಲ್ಕು ಮರಗಳ ನಡುವಿನ ಅಂತರಕ್ಕೆ ‘ದಾಯ’ ಎಂದು ಹೆಸರು. ಅದರ ಉದ್ದ ಸುಮಾರು 18 ಅಡಿ. ಈ ಅಳತೆಗೆ ಪ್ರಮಾಣ ಸಾಗರ ಸೀಮೆಯ ಆವಿನಹಳ್ಳಿ ವೀರಭದ್ರ ದೇವಸ್ಥಾನದಲ್ಲಿದ್ದ ಕಲ್ಲು. ಮರಕ್ಕೊಂದು ದಾಯದಂತೆ ಸಾವಿರ ಮರವನ್ನು ಒಂದು ಘಟಕ ಮಾಡಿ ದರ ನಿಗದಿಯಾಯಿತು. ಅಳತೆಗೋಲು ಅರಮನೆಯ ಉಗ್ರಾಣದಲ್ಲಿರದೆ ದೇವರ ಮುಂದೆ, ಯಾರು ಬೇಕಾದರೂ ಹೋಗಿ ಅಳೆದುನೋಡಬಹುದಾದ ಜಾಗದಲ್ಲಿದ್ದುದು ಗಮನಾರ್ಹ. ತೋಟ ಕೈಬದಲಾದರೂ, ಶಾನುಭೋಗ ಬದಲಾದರೂ ಕಲ್ಲು ಬದಲಾಗದು.

ಶಿವಪ್ಪನಾಯಕ ಆಳಿದ್ದು ಹದಿನೈದೇ ವರ್ಷ. ಹನ್ನೆರಡು ವರ್ಷದ ಪ್ರಯೋಗ ನಿಜವಾದರೆ ಅದು ಅವನು ಪಟ್ಟಕ್ಕೆ ಬಂದ ಮೊದಲ ವರ್ಷಗಳಲ್ಲೇ ಶುರುವಾಗಿರಬೇಕು. ಎಲ್ಲ ಊರುಗಳಲ್ಲೂ ಒಂದೇ ಕಟ್ಟುನಿಟ್ಟಿನಲ್ಲಿ ನಡೆಯಿತೆನ್ನುವುದು ಅನುಮಾನ. ಮುಂದಿನ ಅರಸರು ಮೂಲದರವನ್ನು ಹಾಗೆಯೇ ಬಿಟ್ಟು ಅದರ ಮೇಲೆ ‘ಪಟ್ಟಿ’ಗಳನ್ನು ಹೇರಿದರು, ದಾಸೋಹಕ್ಕೆಂದು ವರಹಕ್ಕೆ ಒಂದಾಣೆ ಸೇರಿಸಿದ್ದು ಅವುಗಳಲ್ಲೊಂದು. ರೈತರು ಬಹುಕಾಲ ‘ಶಿಸ್ತಿನಷ್ಟು ಮಾತ್ರ’ ಎಂದು ವಾದಿಸಲು ಸಾಧ್ಯವಾದದ್ದು ಮೂಲದರ ಹೀಗೆ ಪ್ರತ್ಯೇಕವಾಗಿ ಉಳಿದದ್ದರಿಂದ.

1763ರ ನಂತರ
ರಾಣಿ ವೀರಮ್ಮಾಜಿಯ ಕಾಲದಲ್ಲಿ ಬಿದನೂರು ಹೈದರನ ವಶವಾಯಿತು. ರಾಣಿಯನ್ನು ಮಧುಗಿರಿಯಲ್ಲಿ ಸೆರೆಯಿಟ್ಟರು. ಹೈದರ್ ಇಲ್ಲಿ ಟಂಕಸಾಲೆ ನಡೆಸಿದ. ಇಕ್ಕೇರಿ ವರಹದ ಮೇಲಿದ್ದ ಶಿವಪಾರ್ವತಿಯರ ಚಿತ್ರವನ್ನು ತನ್ನ ನಾಣ್ಯದಲ್ಲೂ ಉಳಿಸಿಕೊಂಡ. ಪೇಟೆಯಲ್ಲಿ ನಂಬಿಕೆಯಿದ್ದದ್ದು ಆ ಚಿತ್ರದ ಮೇಲೆ. 1783ರ ಆರಂಭದಲ್ಲಿ ಬ್ರಿಟಿಷ್ ಜನರಲ್ ಮ್ಯಾಥ್ಯೂಸನ ಸೇನೆ ಹೊಸಂಗಡಿ ಘಟ್ಟ ಹತ್ತಿ ಬಂದು ಊರನ್ನು ಹಿಡಿಯಿತು. ಅದೇ ವರ್ಷ ಟಿಪ್ಪು ಮುತ್ತಿಗೆ ಹಾಕಿ ಮರಳಿ ಪಡೆದ.

ಕಂದಾಯದ ಹೊರೆ ಮತ್ತು ಅಧಿಕಾರಿಗಳ ದಬ್ಬಾಳಿಕೆಯ ವಿರುದ್ಧ 1830ರಲ್ಲಿ ಈ ಸೀಮೆಯ ರೈತರು ಕೂಟ ಸೇರಿದರು. ಕೆಳದಿ ಗಾದಿಗೆ ತಾನೇ ಹಕ್ಕುದಾರನೆಂದ ಬೂದಿ ಬಸಪ್ಪ ಮುಂದಾಳಾದ. ಇದೇ ನಗರ ದಂಗೆ. ಇದನ್ನು ಮುಖ್ಯ ಕಾರಣವಾಗಿ ತೋರಿಸಿ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು, ಮರಳಿಸಿದ್ದು 1881ರಲ್ಲಿ. ಕಮಿಷನರುಗಳ ಆಡಳಿತದಲ್ಲಿ ರಾಜ್ಯದ ಒಂದು ದೊಡ್ಡ ಭಾಗಕ್ಕೇ ‘ನಗರ ವಿಭಾಗ’ ಎಂದು ಹೆಸರಾಯಿತು. ಶಿವಮೊಗ್ಗ, ಕಡೂರು, ಚಿತ್ರದುರ್ಗ ಜಿಲ್ಲೆಗಳು ಅದರಲ್ಲಿದ್ದವು. ಅದರ ಕೇಂದ್ರ ಮಾತ್ರ ಶಿವಮೊಗ್ಗ.

ಸ್ಮಾರಕಗಳು
ಗುಡ್ಡದ ಮೇಲಿನ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಒಳಗೆ ದರ್ಬಾರಿನ ನೆಲಗಟ್ಟು, ಅಕ್ಕ-ತಂಗಿಯರ ಕೊಳ ಇವೆ. ಊರಿನಲ್ಲಿ ನೀಲಕಂಠೇಶ್ವರ, ಗುಡ್ಡೆ ವೆಂಕಟರಮಣ ದೇವಾಲಯಗಳಿವೆ. ಕೊಪ್ಪಲು ಮಠದಲ್ಲಿ ಚೆನ್ನಮ್ಮಾಜಿಯದೆಂದು ಗುರುತಿಸುವ ಸಮಾಧಿ ಇದೆ.

ಊರಿನಿಂದ ತುಸು ದೂರದ ದೇವಗಂಗೆ ಅರಸರ ವಿಹಾರಕೊಳಗಳ ಸಮೂಹ. ಒಂದೊಂದು ಕೊಳಕ್ಕೂ ಒಂದೊಂದು ಆಕಾರ. ಕಾಡಿನಿಂದ ಬರುವ ಒರತೆಯ ನೀರು ಕಲ್ಲುಕಾಲುವೆಗಳ ಮೂಲಕ ಕೊಳದಿಂದ ಕೊಳಕ್ಕೆ ಇಳಿದು ಹೊರಹೋಗುತ್ತದೆ. ನೀರು ನಿಲ್ಲದೆ ಸಾಗುವುದರಿಂದ ಬೇಸಗೆಯಲ್ಲೂ ತಿಳಿಯಾಗಿರುತ್ತದೆ. ಅರಮನೆ ಅಳಿದಿದ್ದರೂ ಈ ನೀರಿನ ಏರ್ಪಾಡು ಇನ್ನೂ ನಡೆಯುತ್ತಿದೆ.

ಇಂದಿನ ಊರು
ಅಡಿಕೆ, ಭತ್ತ ಮುಖ್ಯ ಬೆಳೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಕಾಟ. ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ ಹೊಡೆಸಲು ಮಳೆ ಬಿಡುವು ಕೊಡುವುದನ್ನು ಕಾಯಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಊರುಗಳು ಮುಳುಗಿದವು. ಬಳಿಕ ಚಕ್ರಾ, ಸಾವೆಹಕ್ಕಲು, ಮಾಣಿ ಜಲಾಶಯಗಳು ಬಂದವು. ಮೊದಲೆರಡರ ನೀರನ್ನು ಲಿಂಗನಮಕ್ಕಿಗೆ ತಿರುಗಿಸಲಾಗಿದೆ; ಮಾಣಿಯ ನೀರು ಹೊಸಂಗಡಿಯ ಭೂಗತ ವಿದ್ಯುದಾಗಾರಕ್ಕೆ ಇಳಿಯುತ್ತದೆ.

19ನೆಯ ಶತಮಾನದ ಕೊನೆಯಲ್ಲಿ ತಾಲ್ಲೂಕು ಕಚೇರಿ ಇಲ್ಲಿಂದ ಕಲ್ಲೂರುಕಟ್ಟೆಗೆ ಹೋಯಿತು. ಆ ಊರು ಹೊಸನಗರವಾಯಿತು, ತಾಲ್ಲೂಕಿಗೂ ಅದೇ ಹೆಸರು ಬಂತು. ನಗರ ಈಗ ಆ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲೊಂದು. ಉಳಿದವು ಕಸಬಾ, ಹುಂಚ, ಕೆರೆಹಳ್ಳಿ.