ಹಳೆ ಕಂಪ್ಯೂಟರಿನ ಯಾವ ಭಾಗ ಹೊಸದಕ್ಕೆ ಕೂರುತ್ತದೆ? ನಲವತ್ತು ವರ್ಷಗಳ ಜಗಳದ ಕಥೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕಬೇಕೆಂದರೆ ಹೆಚ್ಚೂಕಡಿಮೆ ಇಂಟೆಲ್‌ನ 8ನೇ ತಲೆಮಾರು ಅಥವಾ ಎಎಂಡಿಯ ರೈಜನ್ 2000 ಸಾಲಿನಿಂದ ಮೇಲಿನ ಪ್ರೊಸೆಸರ್ ಇರಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು ಎನ್ನುವುದು ಕಂಪನಿಯ ನಿಯಮ.

ಈ ನಿಯಮದ ಬಿಸಿ ನಮ್ಮ ಊರುಗಳಿಗೂ ತಟ್ಟಿದೆ. ಜೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿ ಹಾಕುವ ಸೆಂಟರ್, ಶಾಲೆಯ ಲ್ಯಾಬ್, ಡಿಟಿಪಿ ಮಾಡುವ ಮನೆ, ಎಲ್ಲ ಕಡೆ ಒಂದೇ ಪ್ರಶ್ನೆ: ಪೂರ್ತಿ ಹೊಸದು ತಗೋಬೇಕಾ, ಹಳೆಯದರಲ್ಲಿ ಏನಾದರೂ ಉಳಿಯುತ್ತಾ? ಅಂಗಡಿಯವರ ಉತ್ತರ ಸಾಮಾನ್ಯವಾಗಿ ಒಂದೇ: “ಎಲ್ಲಾ ಹಳೇದಾಯ್ತು ಸಾರ್, ಪೂರ್ತಿ ಸೆಟ್ ತಗೊಂಡುಬಿಡಿ.”

ಈ ಮಾತು ಅರ್ಧ ನಿಜ. ಯಾವ ಅರ್ಧ ಎಂದು ತಿಳಿಯಬೇಕಾದರೆ ಈ ಪೆಟ್ಟಿಗೆಯ ಚರಿತ್ರೆ ಸ್ವಲ್ಪ ಗೊತ್ತಿರಬೇಕು. ಯಾವ ಭಾಗ ಯಾವುದಕ್ಕೆ ಕೂರುತ್ತದೆ ಎನ್ನುವುದು ಬರೀ ತಂತ್ರಜ್ಞಾನದ ವಿಷಯ ಅಲ್ಲ. ಅದರ ಹಿಂದೆ ಕಂಪನಿಗಳ ವ್ಯಾಪಾರದ ಜಗಳವೂ ಇದೆ.

1981: ಮುಚ್ಚಳ ತೆರೆದ ಪೆಟ್ಟಿಗೆ

1981ರ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡಿತು. ಫ್ಲೋರಿಡಾ ರಾಜ್ಯದ ಬೋಕಾ ರಟಾನ್‌ನಲ್ಲಿ ಡಾನ್ ಎಸ್ಟ್ರಿಡ್ಜ್ ಎಂಬುವರ ತಂಡ ಅದನ್ನು ಕಟ್ಟಿತ್ತು. ಬೇಗ ಮುಗಿಸಬೇಕಿದ್ದರಿಂದ ಅವರು ಎಲ್ಲವನ್ನೂ ತಾವೇ ಮಾಡಲು ಹೋಗಲಿಲ್ಲ. ಪ್ರೊಸೆಸರನ್ನು ಇಂಟೆಲ್‌ನಿಂದ ತಂದರು, ಆಪರೇಟಿಂಗ್ ಸಿಸ್ಟಮನ್ನು ಮೈಕ್ರೋಸಾಫ್ಟ್‌ನಿಂದ ತಂದರು. ಮದರ್‌ಬೋರ್ಡಿನಲ್ಲಿ ಬೇರೆ ಕಾರ್ಡುಗಳನ್ನು ಸಿಕ್ಕಿಸಲು ಐದು ಸ್ಲಾಟ್ ಬಿಟ್ಟರು. ಒಳಗಿನ ಸರ್ಕ್ಯೂಟಿನ ನಕ್ಷೆಯನ್ನೂ ಪುಸ್ತಕದಲ್ಲಿ ಅಚ್ಚು ಹಾಕಿಸಿ ಮಾರಿದರು.

ಇದರ ಫಲ ಬೇರೆಯವರಿಗೂ ಸಿಕ್ಕಿತು. ಕಾರ್ಡು ಮಾಡುವ ಸಣ್ಣ ಕಂಪನಿಗಳು ಹುಟ್ಟಿಕೊಂಡವು. 1982ರಲ್ಲಿ ಮೂವರು ಇಂಜಿನಿಯರುಗಳು ಕಟ್ಟಿದ ಕಾಂಪ್ಯಾಕ್ ಕಂಪನಿ, ಐಬಿಎಂ ಯಂತ್ರದ ಬಯಾಸ್ ತಂತ್ರಾಂಶವನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ಬೇರೆ ಬಯಾಸನ್ನು ಕಾನೂನುಬದ್ಧವಾಗಿ ಬರೆಯಿಸಿತು. ಅಲ್ಲಿಂದ “ಐಬಿಎಂಗೆ ಹೊಂದುವ ಕಂಪ್ಯೂಟರ್” ಯಾರು ಬೇಕಾದರೂ ಮಾಡಬಹುದು ಎಂದಾಯಿತು.

1984ರಲ್ಲಿ ಐಬಿಎಂ ಪಿಸಿ ಎಟಿ ತಂದಾಗ ಒಂದು ಒಳ್ಳೆಯ ಕೆಲಸ ಮಾಡಿತು. ಹಳೆಯ 8 ಬಿಟ್ ಸ್ಲಾಟನ್ನು ಕಿತ್ತುಹಾಕದೆ ಅದರ ಹಿಂದೆ ಇನ್ನೊಂದು ತುಂಡು ಸೇರಿಸಿ 16 ಬಿಟ್ ಮಾಡಿತು. ಹೊಸ ಕಾರ್ಡು ಎರಡೂ ತುಂಡಿಗೆ ಕೂರುತ್ತಿತ್ತು. ಹಳೆ ಕಾರ್ಡುಗಳಲ್ಲಿ ಹೆಚ್ಚಿನವು ಮುಂದಿನ ತುಂಡಿಗೆ ಕೂತು ಕೆಲಸ ಮಾಡುತ್ತಿದ್ದವು. ಗ್ರಾಹಕನ ಹಳೆ ಖರ್ಚು ನೀರಿಗೆ ಹೋಗಲಿಲ್ಲ.

1987: ಬಾಗಿಲು ಹಾಕಲು ಹೋಗಿ ಹೊರಗುಳಿದ ಐಬಿಎಂ

ಬೇರೆಯವರು ಲಾಭ ಮಾಡುವುದನ್ನು ನೋಡಿ ಐಬಿಎಂ ಮನಸ್ಸು ಬದಲಾಯಿಸಿತು. 1987ರ ಏಪ್ರಿಲ್‌ನಲ್ಲಿ ಪಿಎಸ್/2 ಎಂಬ ಹೊಸ ಸಾಲು ತಂದಿತು. ಅದರ ಮೇಲಿನ ಮಾದರಿಗಳಲ್ಲಿ ಮೈಕ್ರೋ ಚಾನೆಲ್ ಎಂಬ ಹೊಸ ಸ್ಲಾಟ್ ಇತ್ತು. ತಾಂತ್ರಿಕವಾಗಿ ಅದು ಚೆನ್ನಾಗಿಯೇ ಇತ್ತು. ಆದರೆ ಜನ ಕೊಂಡಿದ್ದ ಹಳೆ ಕಾರ್ಡು ಒಂದೂ ಅದಕ್ಕೆ ಕೂರುತ್ತಿರಲಿಲ್ಲ. ಬೇರೆ ಕಂಪನಿಗಳು ಆ ಸ್ಲಾಟ್ ಬಳಸಬೇಕಾದರೆ ಐಬಿಎಂಗೆ ಹಣ ಕಟ್ಟಬೇಕಿತ್ತು.

ಕಾಂಪ್ಯಾಕ್ ಮುಂದಾಳತ್ವದಲ್ಲಿ ಒಂಬತ್ತು ಕಂಪನಿಗಳು ಒಟ್ಟಾದವು. 1988ರಲ್ಲಿ ಈಸಾ ಎಂಬ ಸ್ಲಾಟ್ ಘೋಷಿಸಿದವು. ಅದು ಎರಡು ಅಂತಸ್ತಿನ ಸ್ಲಾಟ್. ಹಳೆ ಕಾರ್ಡು ಮೇಲಿನ ಅಂತಸ್ತಿನವರೆಗೆ ಇಳಿದು ನಿಲ್ಲುತ್ತಿತ್ತು, ಹೊಸ ಕಾರ್ಡು ಕೆಳಗಿನ ಅಂತಸ್ತಿನವರೆಗೂ ಇಳಿಯುತ್ತಿತ್ತು. ಈಸಾ ದುಬಾರಿಯಾಗಿದ್ದರಿಂದ ಅದೂ ಮನೆಮನೆಗೆ ಬರಲಿಲ್ಲ. ಆದರೆ ಮೈಕ್ರೋ ಚಾನೆಲ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ಪಿಸಿ ಲೋಕದ ಯಜಮಾನಿಕೆಯೂ ಐಬಿಎಂ ಕೈತಪ್ಪಿತು.

ಇಲ್ಲೊಂದು ತಮಾಷೆ ಇದೆ. ಅದೇ ಪಿಎಸ್/2 ಜೊತೆ ಬಂದ ಒಂದು ಚಿಕ್ಕ ವಸ್ತು ಇಂದಿಗೂ ನಮ್ಮ ಶಾಲೆಗಳಲ್ಲಿದೆ. ಮಾನಿಟರಿಗೆ ಸಿಕ್ಕಿಸುವ 15 ಪಿನ್ನಿನ ವಿಜಿಎ ಕೇಬಲ್. ಈಗ ನೀಲಿ ಬಣ್ಣದಲ್ಲಿ ಬರುತ್ತದಲ್ಲ, ಅದೇ. ಎಲ್ಲರೂ ಬಳಸಬಹುದಾಗಿದ್ದ ವಸ್ತು ಉಳಿಯಿತು, ಬೀಗ ಹಾಕಿದ್ದು ಹೋಯಿತು.

ಒಂದೇ ಸಾಕೆಟ್, ಮೂರು ಕಂಪನಿ. ಆಮೇಲೆ ಪಾಲು

1990ರ ದಶಕದ ನಡುವಿನಲ್ಲಿ ಸಾಕೆಟ್ 7 ಎಂಬ ಮದರ್‌ಬೋರ್ಡುಗಳಿದ್ದವು. ಅದರ ಮೇಲೆ ಇಂಟೆಲ್‌ನ ಪೆಂಟಿಯಂ, ಎಎಂಡಿಯ ಕೆ5 ಮತ್ತು ಕೆ6, ಸೈರಿಕ್ಸ್‌ನ 6ಎಕ್ಸ್86, ಮೂರೂ ಕೂರುತ್ತಿದ್ದವು. ಬೋರ್ಡಿನ ಮೇಲಿನ ಸಣ್ಣ ಜಂಪರುಗಳನ್ನು ಸರಿಯಾಗಿ ಇಟ್ಟರೆ ಸಾಕಿತ್ತು. ಒಂದು ಕಂಪನಿ ಬೆಲೆ ಏರಿಸಿದರೆ ಇನ್ನೊಂದರದ್ದು ತಂದು ಹಾಕಬಹುದಿತ್ತು.

1997ರಲ್ಲಿ ಇಂಟೆಲ್ ಪೆಂಟಿಯಂ 2 ತಂದಾಗ ಸಾಕೆಟ್ ಬಿಟ್ಟು ಸ್ಲಾಟ್ 1ಕ್ಕೆ ಹೋಯಿತು. ಅದನ್ನು ಬಳಸಲು ಎಎಂಡಿಗೆ ಅನುಮತಿ ಇರಲಿಲ್ಲ. 1999ರಲ್ಲಿ ಎಎಂಡಿ ಅಥ್ಲಾನ್ ಪ್ರೊಸೆಸರಿಗೆ ಸ್ಲಾಟ್ ಎ ಮಾಡಿಕೊಂಡಿತು. ನೋಡಲು ಅದೇ ಕನೆಕ್ಟರ್, ತಿರುಗಿಸಿ ಕೂರಿಸಿದ್ದರು ಅಷ್ಟೇ. ಆದರೆ ವಿದ್ಯುತ್ ಸಂಕೇತ ಬೇರೆ, ಒಂದರದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಅಂದಿನಿಂದ ಇಂಟೆಲ್‌ನಿಂದ ಎಎಂಡಿಗೆ ಹೋಗಬೇಕಾದರೆ ಮದರ್‌ಬೋರ್ಡ್ ಬದಲಿಸಲೇಬೇಕು. ಪ್ರೊಸೆಸರ್, ಅದಕ್ಕೆ ಹೊಂದುವ ಬೋರ್ಡು, ಆ ಬೋರ್ಡು ಒಪ್ಪುವ ರ‍್ಯಾಮ್, ಈ ಮೂರರ ಜೋಡಿಯನ್ನೇ ಈಗ “ಪ್ಲಾಟ್‌ಫಾರ್ಮ್” ಎನ್ನುವುದು.

ಪಂಪ್‌ಸೆಟ್ ಲೆಕ್ಕದಲ್ಲಿ ಹೇಳುವುದಾದರೆ, ಮೋಟಾರ್ ಬದಲಿಸಿದಾಗ ಸ್ಟಾರ್ಟರ್ ಬದಲಿಸಬೇಕಾಗಿ ಬರಬಹುದು, ಕೇಬಲ್ ಸಾಲದೆ ಹೋಗಬಹುದು. ಹಾಗಂತ ಹೊಲದವರೆಗಿನ ಪೈಪನ್ನು ಯಾರೂ ಅಗೆದು ಬಿಸಾಕುವುದಿಲ್ಲ.

ರ‍್ಯಾಮ್ ಏಕೆ ಪದೇ ಪದೇ ಕೈಕೊಡುತ್ತದೆ

ಡಿಡಿಆರ್3 ಬಂದದ್ದು 2007ರಲ್ಲಿ, ಡಿಡಿಆರ್4 2014ರಲ್ಲಿ. ಡಿಡಿಆರ್5 ನಮ್ಮಂಥವರ ಡೆಸ್ಕ್‌ಟಾಪಿಗೆ ಬಂದದ್ದು 2021ರ ಕೊನೆಗೆ. ಒಂದೊಂದಕ್ಕೂ ವೋಲ್ಟೇಜ್ ಬೇರೆ: 1.5, 1.2, 1.1. ತಪ್ಪಿ ಹಾಕಿ ಸುಡಬಾರದೆಂದು ಕೆಳಗಿನ ಅಂಚಿನ ಕಚ್ಚನ್ನೇ ಬೇರೆ ಬೇರೆ ಜಾಗದಲ್ಲಿ ಕೊರೆದಿರುತ್ತಾರೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ ಇವೆ, ಆದರೂ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಕೂರದಿದ್ದರೆ ಒತ್ತಬೇಡಿ.

ಮೊದಲು ರ‍್ಯಾಮನ್ನು ನಡೆಸುವ ಭಾಗ ಮದರ್‌ಬೋರ್ಡಿನಲ್ಲಿ ಇರುತ್ತಿತ್ತು. ಎಎಂಡಿ 2003ರಲ್ಲಿ ಅಥ್ಲಾನ್ 64ರೊಂದಿಗೆ, ಇಂಟೆಲ್ 2008ರಲ್ಲಿ ಮೊದಲ ಕೋರ್ ಐ7ರೊಂದಿಗೆ ಅದನ್ನು ಪ್ರೊಸೆಸರ್ ಒಳಗೇ ತಂದವು. ವೇಗ ಹೆಚ್ಚಿತು. ಆದರೆ ಯಾವ ರ‍್ಯಾಮ್ ನಡೆಯುತ್ತದೆ ಎನ್ನುವುದನ್ನು ಪ್ರೊಸೆಸರೇ ತೀರ್ಮಾನಿಸುವಂತಾಯಿತು.

ಇದರ ನಡುವೆ ಗ್ರಾಹಕನಿಗೆ ಮೆಟ್ಟಿಲು ಬಿಟ್ಟ ಉದಾಹರಣೆಗಳೂ ಇವೆ. 2009ರಲ್ಲಿ ಬಂದ ಎಎಂಡಿಯ ಎಎಂ3 ಪ್ರೊಸೆಸರುಗಳು ಡಿಡಿಆರ್2, ಡಿಡಿಆರ್3 ಎರಡನ್ನೂ ನಡೆಸುತ್ತಿದ್ದವು. ಹಳೆ ಬೋರ್ಡಿಗೆ ಮೊದಲು ಪ್ರೊಸೆಸರ್ ಹಾಕಿ, ಕೈಯಲ್ಲಿ ಹಣ ಬಂದಾಗ ಬೋರ್ಡು, ರ‍್ಯಾಮ್ ಬದಲಿಸಬಹುದಿತ್ತು. 2021ರ ಇಂಟೆಲ್ 12ನೇ ತಲೆಮಾರಿಗೂ ಡಿಡಿಆರ್4 ಬೋರ್ಡು, ಡಿಡಿಆರ್5 ಬೋರ್ಡು ಎರಡೂ ಇವೆ. ಎಎಂಡಿಯ ಎಎಂ4 ಸಾಕೆಟ್ ಡಿಡಿಆರ್4 ಮಾತ್ರ ಒಪ್ಪುತ್ತದೆ, 2022ರ ಎಎಂ5 ಡಿಡಿಆರ್5 ಮಾತ್ರ. ಹಾಗಾಗಿ ನಿಮ್ಮಲ್ಲಿ ಒಳ್ಳೆಯ ಡಿಡಿಆರ್4 ರ‍್ಯಾಮ್ ಇದ್ದರೆ ಅದು ಉಳಿಯುವ ಪ್ಲಾಟ್‌ಫಾರ್ಮನ್ನೇ ಕೇಳಿ. ಡಿಡಿಆರ್3 ಇದ್ದರೆ ಹೊಸ ಬೋರ್ಡಿಗೆ ಅದರ ಆಸೆ ಬಿಡಿ.

ಗಟ್ಟಿಯಾಗಿ ನಿಂತವು: ಕ್ಯಾಬಿನೆಟ್, ಡಿಸ್ಕ್, ಕಾರ್ಡ್

1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ಗೊತ್ತು ಮಾಡಿತು. ಸ್ಕ್ರೂ ಎಲ್ಲಿ ಬರಬೇಕು, ಹಿಂದಿನ ಕಿಂಡಿ ಎಷ್ಟಿರಬೇಕು ಎಂಬುದೆಲ್ಲ ಅದರಲ್ಲಿದೆ. ನಾವು ಊರಲ್ಲಿ “ಸಿಪಿಯು” ಎಂದು ಕರೆಯುವ ಆ ಡಬ್ಬಿ ಹಳೆಯದಾದರೂ ಹೊಸ ಬೋರ್ಡು ಕೂರುವುದು ಇದರಿಂದಲೇ. ಆದರೆ ಕೆಲವು ಬ್ರಾಂಡೆಡ್ ಯಂತ್ರಗಳಲ್ಲಿ ಬೋರ್ಡು, ಎಸ್‌ಎಂಪಿಎಸ್, ಪ್ಲಗ್ ಎಲ್ಲವೂ ಕಂಪನಿಯ ಸ್ವಂತ ಅಳತೆ. ಅಲ್ಲಿ ಈ ಲೆಕ್ಕ ನಡೆಯದು.

ಎಟಿಎಕ್ಸ್‌ಗೆ ಮೊದಲು ಬೋರ್ಡಿಗೆ ಕರೆಂಟ್ ಕೊಡಲು ಅಕ್ಕಪಕ್ಕ ಎರಡು ಪ್ಲಗ್ ಇರುತ್ತಿದ್ದವು. ಎರಡರ ಕಪ್ಪು ವೈರುಗಳೂ ನಡುವಿಗೆ ಬರಬೇಕು. ಅದಲುಬದಲಾದರೆ ಬೋರ್ಡು ಹೋಯಿತು ಎಂದೇ ಅರ್ಥ. ಎಟಿಎಕ್ಸ್ ಒಂದೇ ಪ್ಲಗ್ ಮಾಡಿ ಆ ಭಯ ತಪ್ಪಿಸಿತು.

ಹಾರ್ಡ್ ಡಿಸ್ಕಿನಲ್ಲಿ 2003ರಿಂದ ಸಾಟಾ ಬಂತು. ಅಂದಿನ ಸಾಟಾ ಡಿಸ್ಕ್, ಇಂದಿನ ಸಾಟಾ ಎಸ್‌ಎಸ್‌ಡಿ ಎರಡನ್ನೂ ಈಗಿನ ಬೋರ್ಡಿಗೆ ಅದೇ ತೆಳು ಕೇಬಲ್ಲಿನಲ್ಲಿ ಸಿಕ್ಕಿಸಬಹುದು. ಗ್ರಾಫಿಕ್ಸ್ ಕಾರ್ಡಿಗೆ 2004ರಿಂದ ಬೋರ್ಡುಗಳಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೂಡ ಹಾಗೆಯೇ, ಹಳೆಯದು ಹೊಸದಕ್ಕೆ, ಹೊಸದು ಹಳೆಯದಕ್ಕೆ ಕೂರುತ್ತದೆ. ತುಂಬ ಹಳೆ ಕಾರ್ಡು ಕೂತರೂ ಹೊಸ ಬೋರ್ಡಿನಲ್ಲಿ ಪರದೆ ಬೆಳಗದಿರುವುದೂ ಉಂಟು.

ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹಳೆ ಯಂತ್ರಗಳು 5 ವೋಲ್ಟ್ ತಂತಿಯಿಂದ ಹೆಚ್ಚು ಕರೆಂಟ್ ಎಳೆಯುತ್ತಿದ್ದವು, ಈಗಿನವು 12 ವೋಲ್ಟ್‌ನಿಂದ ಎಳೆಯುತ್ತವೆ. ಪ್ಲಗ್ ಕೂತ ಮಾತ್ರಕ್ಕೆ ಅದು ಭಾರ ಹೊರುತ್ತದೆ ಎಂದಲ್ಲ. ನಮ್ಮ ಕಡೆಯ ಏರಿಳಿತದ ಕರೆಂಟಿನಲ್ಲಿ ಹತ್ತು ವರ್ಷ ದುಡಿದ ಎಸ್‌ಎಂಪಿಎಸ್ ಹೊಸ ಬೋರ್ಡನ್ನೂ ಕರೆದುಕೊಂಡು ಹೋಗಬಹುದು.

ಎಸ್‌.ಪಿ. ರೋಡಿನ ಲೆಕ್ಕ

ಭಾಗಗಳು ಒಂದಕ್ಕೊಂದು ಹೊಂದುತ್ತವೆ ಎನ್ನುವ ಈ ನಿಯಮದಿಂದಲೇ ನಮ್ಮಲ್ಲಿ “ಅಸೆಂಬಲ್ಡ್ ಕಂಪ್ಯೂಟರ್” ಹುಟ್ಟಿದ್ದು. 1984ರ ನವೆಂಬರಿನ ಕೇಂದ್ರ ಸರ್ಕಾರದ ಕಂಪ್ಯೂಟರ್ ನೀತಿ ಆಮದಿನ ಬಿಗಿ ಸಡಿಲಿಸಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, ಕಂಪ್ಯೂಟರ್ ಮತ್ತು ಭಾಗಗಳ ಆಮದು ಸುಂಕವನ್ನು 2005ರ ಹೊತ್ತಿಗೆ ಸೊನ್ನೆಗೆ ಇಳಿಸಿತು. ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಗಳಲ್ಲಿ ಬೋರ್ಡು ಒಂದು ಕಡೆ, ರ‍್ಯಾಮ್ ಒಂದು ಕಡೆ ಕೊಂಡು ಬಸ್ಸಿನಲ್ಲಿ ಊರಿಗೆ ತಂದು ಜೋಡಿಸಿದವರಿಂದಲೇ ಎಷ್ಟೋ ತಾಲ್ಲೂಕುಗಳಲ್ಲಿ ಕಂಪ್ಯೂಟರ್ ತರಬೇತಿ, ಡಿಟಿಪಿ ಬೆಳೆದದ್ದು. ಮುಚ್ಚಿದ ಪೆಟ್ಟಿಗೆಯೇ ಗೆದ್ದಿದ್ದರೆ ಇದು ಇಷ್ಟು ಸುಲಭವಾಗುತ್ತಿರಲಿಲ್ಲ.

ಬದಲಿಸುವ ಮುನ್ನ ಕೇಳಬೇಕಾದ್ದು

ಮೊದಲನೆಯದು ಡಿಸ್ಪ್ಲೇ. ಹಳೆ ಇಂಟೆಲ್ ಬೋರ್ಡಿನಲ್ಲಿ ವಿಜಿಎ ಕೇಬಲ್ ನೇರ ಸಿಕ್ಕಿಸುತ್ತಿದ್ದಿರಿ. ಆದರೆ ಎಎಂ4ರ ರೈಜನ್ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಗೆ “ಜಿ” ಇಲ್ಲದವಕ್ಕೆ ಸಾಮಾನ್ಯವಾಗಿ ಸ್ವಂತ ಡಿಸ್ಪ್ಲೇ ಇರುವುದಿಲ್ಲ. ಇಂಟೆಲ್‌ನಲ್ಲಿ “ಎಫ್” ಇರುವವಕ್ಕೂ ಇಲ್ಲ. ಗ್ರಾಫಿಕ್ಸ್ ಕಾರ್ಡು ಬೇರೆ ಕೊಳ್ಳಬೇಕಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಖರ್ಚು ಎರಡಾಗುತ್ತದೆ.

ಎರಡನೆಯದು ವಿಂಡೋಸ್. ಯಂತ್ರದ ಜೊತೆಗೇ ಬಂದ ಲೈಸೆನ್ಸ್ ಆ ಮದರ್‌ಬೋರ್ಡಿಗೆ ಸೇರಿದ್ದು, ಬೋರ್ಡು ಹೋದರೆ ಅದೂ ಹೋದಂತೆ. ಬಿಡಿಯಾಗಿ ಕೊಂಡ ಲೈಸೆನ್ಸನ್ನು ಹೊಸದಕ್ಕೆ ಒಯ್ಯಬಹುದು.

ಮೂರನೆಯದು ಡೇಟಾ. ಹಳೆ ರೀತಿಯಲ್ಲಿ ವಿಂಡೋಸ್ ಹಾಕಿದ ಡಿಸ್ಕ್ ಹೊಸ ಬೋರ್ಡಿನಲ್ಲಿ ಬೂಟ್ ಆಗದಿರಬಹುದು. ಆಗ “ಡಿಸ್ಕ್ ಹೋಗಿದೆ” ಎಂದರೆ ನಂಬಬೇಡಿ. ಎರಡನೇ ಡಿಸ್ಕ್ ಆಗಿ ಸಿಕ್ಕಿಸಿದರೆ ಫೈಲುಗಳು ಸಿಗುತ್ತವೆ. ಏನೇ ಆಗಲಿ, ಬಿಚ್ಚುವ ಮುನ್ನ ಒಂದು ಪ್ರತಿ ತೆಗೆದಿಡಿ. ನುಡಿಯ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಫಾಂಟನ್ನೂ ಜೊತೆಗೆ ಕಾಪಿ ಮಾಡಿಕೊಳ್ಳಿ, ಇಲ್ಲದಿದ್ದರೆ ಹೊಸ ಯಂತ್ರದಲ್ಲಿ ಅಕ್ಷರವೆಲ್ಲ ಚಿತ್ರವಿಚಿತ್ರ.

ಉಳಿದ ಹಳೆ ಬೋರ್ಡು, ಪ್ರೊಸೆಸರ್, ಡಿಡಿಆರ್3 ರ‍್ಯಾಮ್ ಕಸವೇ? ಸುಸ್ಥಿತಿಯಲ್ಲಿದ್ದರೆ ಅದಕ್ಕೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ಮಕ್ಕಳಿಗೆ ಟೈಪಿಂಗ್ ಕಲಿಸಬಹುದು. ಸುಟ್ಟದ್ದಾದರೆ ಗುಜರಿಯವರು ತಾಮ್ರಕ್ಕಾಗಿ ವೈರಿಗೆ ಬೆಂಕಿ ಹಚ್ಚುವ ಬದಲು ನೋಂದಾಯಿತ ಮರುಬಳಕೆದಾರರಿಗೆ ತಲುಪಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಅದರ ಹೊಣೆಯನ್ನು ತಯಾರಕ ಕಂಪನಿಗಳ ಮೇಲೆ ಹೊರಿಸಲಾಗಿದೆ.

ಅಂಗಡಿಗೆ ಹೋದಾಗ “ಪೂರ್ತಿ ಸೆಟ್ ಎಷ್ಟು?” ಎಂದು ಶುರು ಮಾಡಬೇಡಿ. “ನನ್ನದರಲ್ಲಿ ಕ್ಯಾಬಿನೆಟ್, ಎಸ್‌ಎಸ್‌ಡಿ, ಮಾನಿಟರ್, ಡಿಡಿಆರ್4 ರ‍್ಯಾಮ್ ಇವೆ. ಇವನ್ನು ಇಟ್ಟುಕೊಂಡು ಬೋರ್ಡು, ಪ್ರೊಸೆಸರ್, ಎಸ್‌ಎಂಪಿಎಸ್ ಎಷ್ಟಾಗುತ್ತದೆ?” ಎಂದು ಕೇಳಿ. ಬಿಲ್ಲಿನಲ್ಲಿ ಒಂದೊಂದನ್ನೂ ಬೇರೆ ಬೇರೆ ಬರೆಸಿ. ಉಳಿಯುವುದು ಐದು ಸಾವಿರವೇ ಇರಲಿ, ಅದು ನಿಮ್ಮದು.